ಗಂಟು ರೋಗದ ನೆಂಟರು

ಮೇಷ್ಟರು ತೀರಿಕೊಂಡ ಮೇಲೆ ನಮ್ಮ ಕಾಲೇಜಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಮೂರು ಜನ ಮಾತಾಡಿದರು. ಮೊದಲನೆಯವರು ಅವರನ್ನು ರೇಷ್ಮೆ ಹುಳುವಿನ ರೋಗಕ್ಕೆ ಮದ್ದು ಕಂಡುಹಿಡಿದ ವಿಜ್ಞಾನಿ ಎಂದರು. ಎರಡನೆಯವರು ಹೊಸ ತಳಿಯ ಹುಳುವನ್ನೇ ಸೃಷ್ಟಿಸಿ ಜಿಲ್ಲೆಯ ರೈತರ ಮನೆ ಬೆಳಗಿದವರು ಎಂದರು. ಮೂರನೆಯವರು ನಮ್ಮ ಹಳೆಯ ಪ್ರಿನ್ಸಿಪಾಲರು. ಅಷ್ಟು ವರ್ಷ ಜೊತೆಗಿದ್ದೂ ಇವರ ಜಾತಿ ಯಾವುದೆಂದು ಪತ್ತೆ ಮಾಡಲಾಗದೆ ಸೋತವರು. “ಅವರು ಜಾತಿಯನ್ನು ಮೀರಿ ನಿಂತವರು” ಎಂದು ಹೇಳಿ ಕನ್ನಡಕ ಒರೆಸಿಕೊಂಡು ಕೂತರು. ಒಂದು ಸೋಲನ್ನು ಇಷ್ಟು ಘನತೆಯಿಂದ ಒಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನನಗೆ ತಿಳಿದ ಮಟ್ಟಿಗೆ ಅವರು ಯಾವ ಮದ್ದನ್ನೂ ಕಂಡುಹಿಡಿಯಲಿಲ್ಲ. ಒಂದು ಹುಳುವನ್ನೂ ಉಳಿಸಲಿಲ್ಲ. ಹುಳುಗಳನ್ನು ಕೊಲ್ಲುವ ಒಂದು ಪರೋಪಜೀವಿಗೆ ಅಣ್ಣತಮ್ಮಂದಿರು ಯಾರು, ದೂರದ ದಾಯಾದಿಗಳು ಯಾರು ಎಂದು ಹುಡುಕಿದರು. ಅಷ್ಟಕ್ಕೇ ಒಂದು ಆಯಸ್ಸು ಹಿಡಿಯಿತು.

ನಾನು ಹೇಳುವುದನ್ನೂ ಪೂರ್ತಿ ನಂಬಬೇಕಾಗಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಆಗಲೂ ಇತ್ತು. ಆದರೆ ಈಗ ತೆರೆದು ನೋಡಿದರೆ ಬಸ್ಸು ತಡವಾದದ್ದು, ಹಲ್ಲು ನೋವು, ಅಕ್ಕಿ ಮುಗಿದದ್ದು ಇವೇ ಹೆಚ್ಚು. ಮಾತುಗಳು ಅಲ್ಲಿಲ್ಲ, ಅವು ನೆನಪಿನಿಂದ ಬಂದವು. ನನ್ನ ನೆನಪಿಗೆ ಜನರ ಮಾತನ್ನು ಅವರಾಡಿದ್ದಕ್ಕಿಂತ ಚುರುಕು ಮಾಡಿ ಇಟ್ಟುಕೊಳ್ಳುವ ಚಾಳಿಯಿದೆ. ಅವರ ವಿಷಯದಲ್ಲಿ ಮಾತ್ರ ಅದಕ್ಕೆ ಹೆಚ್ಚು ಕೆಲಸ ಬಿದ್ದಿರಲಾರದು ಎಂದುಕೊಂಡಿದ್ದೇನೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕೋಲಾರದ ಆ ಕಾಲೇಜಿಗೆ ರಸಾಯನಶಾಸ್ತ್ರದ ಅಧ್ಯಾಪಕನಾಗಿ ಸೇರಿದೆ. ಮೊದಲ ದಿನ ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ಕೇಳುವ ಮೊದಲೇ ಯಾವ ಕಡೆಯವರು ಎಂದು ಕೇಳಿದರು. ಚಿಂತಾಮಣಿ ಕಡೆ ಎಂದೆ. ತಾವು ಕೇಳಿದ್ದು ಅದಲ್ಲ ಎಂಬುದು ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಒಬ್ಬರು ಮಾತ್ರ ಏನೂ ಕೇಳದೆ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಫ್ಲಾಸ್ಕನ್ನು ಎತ್ತಿ ನನಗೆ ಜಾಗ ಮಾಡಿಕೊಟ್ಟರು. ಪ್ರಾಣಿಶಾಸ್ತ್ರದ ಮೇಷ್ಟರು. ಉದ್ದನೆಯ ಮನುಷ್ಯ, ತೋಳು ಮಡಚಿದ ಬಿಳಿ ಶರಟು, ಬಣ್ಣ ಹತ್ತಿ ಕಪ್ಪಾದ ಬೆರಳು. ಚುನಾವಣೆಯಿಲ್ಲದ ವರ್ಷದಲ್ಲೂ ಆಗ ತಾನೆ ಮತ ಹಾಕಿ ಬಂದವರಂತೆ ಕಾಣುತ್ತಿದ್ದರು.

ಫ್ಲಾಸ್ಕಿನಲ್ಲಿ ಕಾಫಿ ಇರುವುದೆಂದು ನಾನೂ ತಿಳಿದಿದ್ದೆ. ಒಮ್ಮೆ ವಾಣಿಜ್ಯ ವಿಭಾಗದವರೊಬ್ಬರು ಅವರನ್ನು ಕೇಳದೆಯೇ ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿದರು. ಐಸಿನ ನೀರಿನ ಜೊತೆಗೆ ನಾಲ್ಕು ಸತ್ತ ರೇಷ್ಮೆ ಹುಳುಗಳು ಬಿದ್ದವು. ಕೋಣೆಯಲ್ಲಿ ಗಲಾಟೆಯೆದ್ದಿತು. ಇವರು ಮಾತ್ರ ಮೆಲ್ಲಗೆ ಬಂದು ಹುಳುಗಳನ್ನು ಎತ್ತಿಕೊಂಡು, ಬೇಗ ಮುಚ್ಚಿ ಸಾರ್, ಶಾಖ ತಗಲಿದರೆ ಕೆಡುತ್ತವೆ ಎಂದರು. ಬಗ್ಗಿಸಿದವರು ಲೋಟ ಬಿಟ್ಟು ಹೊರಗೆ ಓಡಿದ್ದು ಅವರ ಗಮನಕ್ಕೆ ಬರಲಿಲ್ಲ.

ಆ ಹುಳುಗಳು ಸತ್ತದ್ದು ಗಂಟು ರೋಗದಿಂದ. ನಮ್ಮ ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಿಗೆ ಅದರ ಹೆಸರೆತ್ತಿದರೇ ಆಗುವುದಿಲ್ಲ. ಹುಳು ಸರಿಯಾಗಿ ಬೆಳೆಯದೆ, ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿ ಚುಕ್ಕೆ ಎದ್ದು, ಗೂಡು ಕಟ್ಟದೆ ಸಾಯುತ್ತದೆ. ತಾಯಿ ಚಿಟ್ಟೆಯಿಂದ ಮೊಟ್ಟೆಗೂ ಇಳಿಯುತ್ತದೆ. ರೋಗ ತರುವುದು ಒಂದೇ ಜೀವಕೋಶದ ಒಂದು ಪರೋಪಜೀವಿ. ಸೂಕ್ಷ್ಮದರ್ಶಕದಲ್ಲಿ ಅದು ಹೊಳೆಯುವ ಅಕ್ಕಿ ಕಾಳಿನ ಹಾಗೆ ಕಾಣುತ್ತದೆ. ಇವರ ತಲೆ ಕೆಡಿಸಿದ್ದು ಈ ಕಾಳುಗಳೇ. ಮಾಲೂರಿನ ಹುಳುವಿನ ಕಾಳು, ಮುಳಬಾಗಿಲಿನ ಹುಳುವಿನ ಕಾಳು, ಎಲೆಕೋಸಿನ ಮೇಲಿನ ಕಂಬಳಿಹುಳುವಿನ ಕಾಳು, ಎಲ್ಲ ಒಂದೇ ಥರ. ಇವೆಲ್ಲ ಒಂದೇ ಜೀವಿಯೋ, ಬೇರೆ ಬೇರೆಯೋ? ಬೇರೆಯಾದರೆ ಯಾವುದು ಯಾವುದರಿಂದ ಕವಲೊಡೆಯಿತು? ಮದುವೆಯ ಫೋಟೋದಲ್ಲಿ ಎಲ್ಲ ಗಂಡಸರೂ ಬಿಳಿ ಶರಟು ಹಾಕಿ ನಿಂತರೆ ಯಾರು ಯಾರಿಗೆ ಏನಾಗಬೇಕು ಎಂದು ಹೇಳಲು ಬರುವುದಿಲ್ಲವಲ್ಲ, ಹಾಗೆ ಎನ್ನುತ್ತಿದ್ದರು.

ಮುಖ ನೋಡಿ ನೆಂಟಸ್ತನ ಹೇಳಬಾರದು ಎಂಬುದು ಅವರ ಮೊದಲ ಪಾಠ. ಒಂದೇ ಕೆಲಸ ಮಾಡುವ ಪ್ರೋಟೀನು ಎರಡು ಜೀವಿಗಳಲ್ಲಿ ಚೂರು ಬೇರೆಯಾಗಿರಬಹುದು. ಹತ್ತಿರದ ಬಂಧುಗಳಲ್ಲಿ ಆ ವ್ಯತ್ಯಾಸ ಕಡಿಮೆ, ಕವಲೊಡೆದು ಬಹಳ ಕಾಲವಾದವರಲ್ಲಿ ಹೆಚ್ಚು. ಕಾಳುಗಳನ್ನು ತೊಳೆದು, ಗಾಜಿನ ಮಣಿಗಳ ಜೊತೆ ಕುಲುಕಿ ಒಡೆದು, ಬಂದ ರಸವನ್ನು ಗಂಜಿಯ ಹಾಗೆ ಹೆಪ್ಪುಗಟ್ಟಿದ ಪದರದಲ್ಲಿಟ್ಟು ವಿದ್ಯುತ್ ಹಾಯಿಸಬೇಕು. ಒಂದು ಪ್ರೋಟೀನು ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಬಣ್ಣ ಹಾಕಿದರೆ ಯಾವುದು ಎಲ್ಲಿ ನಿಂತಿತು ಎನ್ನುವುದು ಪಟ್ಟಿಗಳಾಗಿ ಮೂಡುತ್ತದೆ. ಪಟ್ಟಿ ಸಮ ನಿಂತರೆ ಹತ್ತಿರದವರು, ನಿಲ್ಲದಿದ್ದರೆ ದೂರದವರು.

ಹೇಳಲು ಇಷ್ಟೇ. ಮಾಡಲು ಅವರ ಹತ್ತಿರ ಇದ್ದದ್ದು ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ಒಂದು ಕತ್ತಲೆ ಕೋಣೆ, ವಿದ್ಯುತ್ ಹಾಯಿಸಲು ರೇಡಿಯೋ ರಿಪೇರಿಯವನು ಕಟ್ಟಿಕೊಟ್ಟ ಒಂದು ಪೆಟ್ಟಿಗೆ, ಸೋಡಾ ಅಂಗಡಿಯ ಐಸು. ಗಂಜಿಗೆ ಪಿಷ್ಟ ಬೇಕು. ಹೊರಗಿನಿಂದ ತರಿಸಲು ಕಾಲೇಜು ಒಪ್ಪಲಿಲ್ಲ. ಮಾಲೂರು ಸಂತೆಯಿಂದ ಉರ್ಲಗಡ್ಡೆ, ಎಂದರೆ ಆಲೂಗಡ್ಡೆ, ತಂದು, ತುರಿದು, ತೊಳೆದು, ಬಿಳಿ ಹಿಟ್ಟು ಇಳಿಸಿ ತಾರಸಿಯ ಮೇಲೆ ಒಣಗಿಸುತ್ತಿದ್ದರು. ಅವರ ಮನೆಯಲ್ಲಿ ಸಂಡಿಗೆ ಇಡುತ್ತಾರೆಂದು ಬೀದಿಯವರು ತಿಳಿದಿದ್ದರು. ಪಿಷ್ಟ ತೆಗೆದು ಉಳಿದ ತುರಿಯನ್ನು ಅವರ ಹೆಂಡತಿ ಪಲ್ಯ, ಬೋಂಡ, ರೊಟ್ಟಿ ಎಂದು ನಾನಾ ರೂಪಗಳಲ್ಲಿ ನಮಗೆ ಬಡಿಸಿದ್ದಾರೆ. ಯಾವುದಕ್ಕೂ ರುಚಿಯಿರುತ್ತಿರಲಿಲ್ಲ, ರುಚಿಯೆಲ್ಲ ವಿಜ್ಞಾನಕ್ಕೆ ಹೋಗಿರುತ್ತಿತ್ತು.

ಕಾಲೇಜಿನ ಹಿಂದೆ ಒಂದು ಹಿಟ್ಟಿನ ಮಿಲ್ಲಿತ್ತು. ಅದು ಓಡಿದರೆ ಇವರ ಕೋಣೆಯ ದೀಪ ಮಂಕಾಗಿ, ಪ್ರೋಟೀನುಗಳು ನಡುದಾರಿಯಲ್ಲಿ ನಿಲ್ಲುತ್ತಿದ್ದವು. ಮಿಲ್ಲಿಗೆ ಮಂಗಳವಾರ ರಜೆ. ಹಾಗಾಗಿ ಮಂಗಳವಾರದ ತರಗತಿಗಳನ್ನೆಲ್ಲ ಬೇರೆ ದಿನಕ್ಕೆ ಬದಲಾಯಿಸಿಕೊಂಡು, ಬೆಳಗಿನಿಂದ ಏನೂ ತಿನ್ನದೆ ಗಂಜಿಯ ಮುಂದೆ ಕೂರುತ್ತಿದ್ದರು. ಮೇಷ್ಟರು ಆಂಜನೇಯನಿಗೆ ಹರಕೆ ಹೊತ್ತಿದ್ದಾರೆ ಎಂದು ಸುದ್ದಿಯಾಯಿತು. ಅವರು ಅಲ್ಲಗಳೆಯಲಿಲ್ಲ. ವಿಜ್ಞಾನಕ್ಕಾಗಿ ಎಂದು ಹೇಳಿದ್ದರೆ ಆ ತರಗತಿಗಳನ್ನು ಬದಲಾಯಿಸಿಕೊಳ್ಳಲು ಯಾರೂ ಒಪ್ಪುತ್ತಿರಲಿಲ್ಲ.

ಪ್ರಿನ್ಸಿಪಾಲರಿಗೆ ಈ ಹರಕೆಯಿಂದ ಸ್ವಲ್ಪ ಆಸೆ ಹುಟ್ಟಿತು. ಮಂಗಳವಾರದ ಉಪವಾಸ ಯಾವ ಯಾವ ಜಾತಿಯವರು ಮಾಡುತ್ತಾರೆ ಎಂದು ವಿಚಾರಿಸಿದರು. ಎಲ್ಲರೂ ಮಾಡುತ್ತಾರೆಂದು ತಿಳಿದು ನಿರಾಶರಾದರು. ಕೊನೆಗೆ ನೇರವಾಗಿಯೇ ಕೇಳಿದರು.

“ಅಲ್ಲ ಮೇಷ್ಟ್ರೇ, ನಿಮ್ಮದು ಯಾವ ಕಡೆ ಅಂತ ಇಷ್ಟು ವರ್ಷವಾದ್ರೂ ಹೇಳ್ಲೇ ಇಲ್ವಲ್ಲ?”

“ನಂಗೂ ಖಚಿತವಿಲ್ಲ ಸಾರ್. ನಾನೊಂದು ತೊಟ್ಟು ರಕ್ತ ಕೊಡ್ತೀನಿ, ನೀವೊಂದು ತೊಟ್ಟು ಕೊಡಿ. ಮಂಗಳವಾರ ಒಟ್ಟಿಗೆ ಓಡಿಸಿ ನೋಡೋಣ.”

ಪ್ರಿನ್ಸಿಪಾಲರು ಕೊಡಲಿಲ್ಲ. ಫಲಿತಾಂಶ ಹೇಗೆ ಬಂದರೂ ಅವರಿಗೆ ಕಷ್ಟವಿತ್ತು.

ಇದು ಬರೀ ಕಿಲಾಡಿತನವಲ್ಲ. ಯಾರನ್ನೂ ಅವರ ಕುಲ, ನೆಂಟರು, ಕೊಟ್ಟು ತಂದ ಮನೆಗಳ ವಿಷಯ ಕೇಳಬಾರದೆಂಬುದು ಅವರ ನೇಮ. ಮನುಷ್ಯರ ಬಳಿ ಕೇಳಬಾರದ್ದನ್ನೆಲ್ಲ ಪರೋಪಜೀವಿಗಳ ಬಳಿ ಕೇಳುತ್ತಿದ್ದರು. ಆ ಪರೋಪಜೀವಿಯನ್ನು ಆಗ ಪ್ರಾಣಿಗಳ ಬಳಗದಲ್ಲಿ ಕೂರಿಸಿದ್ದರು. ಈಗ ಅಲ್ಲಿಂದ ಎಬ್ಬಿಸಿ ಬೂಷ್ಟಿನ ಬಳಗದ ಹತ್ತಿರ ಕೂರಿಸಿದ್ದಾರೆಂದು ಓದಿದೆ. ಕೇಳಿದ್ದರೆ ಖುಷಿಪಡುತ್ತಿದ್ದರು. ಯಾರ ಜಾತಿಯೂ ಕೊನೆಯ ಮಾತಲ್ಲ ಎಂಬುದಕ್ಕೆ ಅವರಿಗೆ ಇನ್ನೊಂದು ಆಧಾರ ಸಿಗುತ್ತಿತ್ತು.

ಎಂಬತ್ತರ ಹೊತ್ತಿಗೆ ಅವರ ಮೇಲೆ ಒತ್ತಡ ಬಂತು. ಡಾಕ್ಟರೇಟಿಗೆ ಹೆಸರು ನೋಂದಾಯಿಸಿ ಬಹಳ ವರ್ಷಗಳಾಗಿದ್ದವು; ವಿಶ್ವವಿದ್ಯಾಲಯ ಕೊನೆಯ ಗಡುವು ಕೊಟ್ಟಿತು. ಅದೇ ಸಮಯಕ್ಕೆ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಡಾಕ್ಟರೇಟ್ ಬಂದರೆ ಆ ಜಾಗ ಇವರಿಗೆ, ಜಾಗದ ಜೊತೆಗೆ ಹಿಂದಿನ ಕೋಣೆಯೂ ಇವರಿಗೇ ಉಳಿಯುತ್ತದೆ. ಬರದಿದ್ದರೆ ಕೋಣೆಯನ್ನು ಎನ್‌ಸಿಸಿಯವರ ಬೂಟು ಬಂದೂಕು ಇಡಲು ಕೊಡುವುದಾಗಿ ಪ್ರಿನ್ಸಿಪಾಲರು ಹೇಳಿಯೇ ಬಿಟ್ಟಿದ್ದರು. ಪದವಿಯ ಮೇಲೆ ಅವರಿಗೆ ಅಂಥ ಮೋಹವಿರಲಿಲ್ಲ. ಆದರೆ ಆ ಕೋಣೆ ಹೋದರೆ ಅವರು ಏನೂ ಅಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಥೀಸಿಸ್ಸಿಗೆ ನಾಲ್ಕು ತಾಲ್ಲೂಕಿನ ರೋಗದ ಹುಳು ಬೇಕಿತ್ತು. ರಸಾಯನದವನೊಬ್ಬ ಜೊತೆಗಿದ್ದರೆ ಒಳ್ಳೆಯದು ಎಂದು ನನ್ನನ್ನು ಎಳೆದುಕೊಂಡು ಹೊರಟರು. ನಾನು ಮಾಡಿದ ಕೆಲಸವೆಂದರೆ ಬಸ್ಸಿನಲ್ಲಿ ಸೀಟು ಹಿಡಿದದ್ದು.

ಹುಳು ಸಾಕುವವರು ರೋಗವನ್ನು ಮುಚ್ಚಿಡುತ್ತಾರೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳು ಎಲ್ಲರ ಮನೆಯಲ್ಲೂ ಸಾಕಷ್ಟು ಇರುವುದಿಲ್ಲ. ಒಬ್ಬರಿಂದ ಒಬ್ಬರು ತಂದುಕೊಳ್ಳಬೇಕು. ಗಂಟು ರೋಗದ ಮನೆಗೆ ಯಾರೂ ಕೊಡುವುದಿಲ್ಲ. ಮಾಸ್ತಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಪದವಿ ಪರೀಕ್ಷೆಯಲ್ಲಿ ಪ್ರಾಣಿಶಾಸ್ತ್ರವೊಂದನ್ನು ಬಿಟ್ಟು ಎಲ್ಲದರಲ್ಲೂ ಫೇಲಾಗಿ ಊರಿಗೆ ಹೋಗಿ ಬೇಸಾಯ ಹಿಡಿದವನು. ನಮ್ಮನ್ನು ಹುಲ್ಲಿನ ಬಣವೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ನಿಮ್ಮ ಹತ್ತಿರ ಸುಳ್ಳು ಹೇಳಲಾರೆ, ಆದರೆ ಊರಿಗೆ ಗೊತ್ತಾಗಬಾರದು ಎಂದು ಒಂದು ಮುಷ್ಟಿ ಹುಳು ಕೊಟ್ಟ. ಶ್ರೀನಿವಾಸಪುರದ ಆಚೆ ಮಾವಿನ ತೋಪುಗಳ ನಡುವಿನ ಒಂದು ಮನೆಯಲ್ಲಿ ಕಷ್ಟವಾಗಲಿಲ್ಲ. ರೋಗ ಬಂದು ಅವರ ಹುಳುವಿನ ಹೆಚ್ಚಿನ ತಟ್ಟೆಗಳನ್ನು ಊರ ಮುಂದೆಯೇ ಸುಟ್ಟಾಗಿತ್ತು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸುಡದೆ ಉಳಿದಿದ್ದ ಒಂದು ಮೂಲೆಯಿಂದ ಆರಿಸಿ ಕೊಟ್ಟರು. ಮಾವಿನ ಕಾಯಿಯನ್ನೂ ಕೊಟ್ಟರು.

ವಕ್ಕಲೇರಿಯ ಯಜಮಾನರು ನಮ್ಮ ಮನೆಗೆ ರೋಗವೇ ಬಂದಿಲ್ಲ ಎಂದು ಆಣೆ ಇಟ್ಟು ಹೇಳಿ, ಬರುವ ವಾರ ಬನ್ನಿ, ಕೊಡುತ್ತೇನೆ ಎಂದರು. ಮುಂದಿನ ವಾರ ಕೊಟ್ಟರು. ಇಲ್ಲದ ರೋಗವನ್ನು ವಾರದೊಳಗೆ ಹೇಗೆ ಕೊಡುತ್ತಾರೆ ಎಂದು ಇಬ್ಬರು ಸ್ನಾತಕೋತ್ತರ ಪದವೀಧರರು ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ಯೋಚಿಸಲಿಲ್ಲ.

ನಂಗಲಿಯಲ್ಲಿ ಹೆದ್ದಾರಿಗೆ ಸ್ವಲ್ಪ ಒಳಗೆ ಒಂದು ದೊಡ್ಡ ಸಂಸಾರ. ಅದರ ಹಿರಿಯಾಕೆಯನ್ನು ಲಾರಿ ಡ್ರೈವರುಗಳಿಂದ ಹಿಡಿದು ಎಲ್ಲರೂ ಅವ್ವ ಎನ್ನುತ್ತಿದ್ದರು. ಮನೆಯಲ್ಲಿ ಹುಳು ಹಾಲಿನ ಹಾಗಿದ್ದವು. ಒಂದರ ಮೇಲೂ ಚುಕ್ಕೆಯಿಲ್ಲ. ಮೇಷ್ಟರು ಏನು ಕೇಳಿಕೊಂಡು ಬಂದಿದ್ದಾರೆಂದು ತಿಳಿದ ಮೇಲೆ ಆಕೆಗೆ ಕಸಿವಿಸಿಯಾಯಿತು.

“ಇಂತ ಎಂಡಲೋ ವಚ್ಚಿನಾರು,” ಎಂದು ತಮಗೆ ತಾವೇ ತೆಲುಗಿನಲ್ಲಿ ಹೇಳಿಕೊಂಡು, ಆಮೇಲೆ ಕನ್ನಡಕ್ಕೆ ತಿರುಗಿದರು. “ಇಷ್ಟು ಬಿಸ್ಲಲ್ಲಿ ಬಂದಿದ್ದೀರ. ಏನೂ ಇಲ್ಲ ಅಂತ ಹೆಂಗೆ ಕಳ್ಸೋದು ಸಾಮಿ? ಬರೋ ಸೋಮವಾರ ಬನ್ನಿ.”

ಸೋಮವಾರ ಹೋದೆವು. ಮುತ್ತುಗದ ಎಲೆಯಲ್ಲಿ ಸುತ್ತಿ, ದಾರ ಕಟ್ಟಿ, ರೋಗದ ಹುಳು ಸಿದ್ಧವಾಗಿತ್ತು. ಮೇಷ್ಟರು ಕೈ ಮುಗಿದರು. ಯಾರ ಮನೆಯದು, ಯಾರ ಕಡೆಯದು ಎಂದು ಕೇಳುವುದು ಅವರ ನೇಮಕ್ಕೆ ಸಲ್ಲುವುದಿಲ್ಲವಲ್ಲ.

ಮುಂದಿನ ಮಂಗಳವಾರಗಳಲ್ಲಿ ನಾಲ್ಕೂ ಊರಿನ ರಸವನ್ನು ಅಕ್ಕಪಕ್ಕ ಓಡಿಸಿದರು. ಒಂದು ಸಂಜೆ ಗಂಜಿಯ ಪದರವನ್ನು ಎರಡು ಅಂಗೈ ಮೇಲೆ, ಆಗ ತಾನೆ ಹಂಚಿನಿಂದ ತೆಗೆದ ಹೋಳಿಗೆಯ ಹಾಗೆ ಹಿಡಿದು ನನ್ನ ತರಗತಿಗೇ ಬಂದರು. ಹುಡುಗರ ಮುಂದೆಯೇ ಕಿಟಕಿಯ ಬೆಳಕಿಗೆ ಎತ್ತಿ ತೋರಿಸಿದರು. ಹತ್ತಿರ ಹತ್ತಿರದ ಊರುಗಳಾದ ಮಾಸ್ತಿ ಮತ್ತು ವಕ್ಕಲೇರಿಯ ಪಟ್ಟಿಗಳು ಒಂದಾಗಬೇಕಿತ್ತು, ಆಗಿರಲಿಲ್ಲ. ಆ ಕಡೆ ನಂಗಲಿ, ಶ್ರೀನಿವಾಸಪುರದ್ದೂ ಅಷ್ಟೇ. ಬದಲಿಗೆ ಜಿಲ್ಲೆಯ ಆ ತುದಿಯ ಮಾಸ್ತಿಗೂ ಈ ತುದಿಯ ನಂಗಲಿಗೂ ಪಟ್ಟಿಗಳು ಗೆರೆ ಎಳೆದಂತೆ ಸಮ ನಿಂತಿದ್ದವು. ವಕ್ಕಲೇರಿಗೂ ಶ್ರೀನಿವಾಸಪುರಕ್ಕೂ ಹಾಗೆಯೇ. ಎರಡು ಬೇರೆ ಕುಲ, ಜಿಲ್ಲೆಯ ಮೇಲೆ ಅಡ್ಡಡ್ಡ ಹಾಯ್ದಿವೆ.

ಬೆಂಗಳೂರಿನಲ್ಲಿದ್ದ ಅವರ ಮಾರ್ಗದರ್ಶಕರು ಇದನ್ನು ನೋಡಿ ಕುರ್ಚಿಯಿಂದ ಎದ್ದರಂತೆ. ಹಿಂದೆಂದೋ ಎರಡು ಮೂಲ ಪರೋಪಜೀವಿಗಳು ಎರಡು ದಾರಿಯಲ್ಲಿ ಈ ಸೀಮೆಗೆ ಬಂದಿರಬೇಕು ಎಂದು ಅಲ್ಲೇ ಒಂದು ಸಿದ್ಧಾಂತ ಹುಟ್ಟಿತು. ಹಳೆಯ ವ್ಯಾಪಾರದ ದಾರಿ, ಗಾಳಿಯ ದಿಕ್ಕು, ಎರಡನ್ನೂ ಅದಕ್ಕೆ ಸೇರಿಸಿದರು. ಒಂದು ಕುಲ ಹೊಸ ಪ್ರಭೇದವೇ ಆಗಿದ್ದರೆ ಅದಕ್ಕೆ ಮಾರ್ಗದರ್ಶಕರ ಹೆಸರಿಡುವುದು ರೂಢಿ ಎಂದು ಮಾರ್ಗದರ್ಶಕರೇ ನೆನಪು ಮಾಡಿದರು. ಹುಳುಗಳನ್ನು ಮೈಯೆಲ್ಲ ಚುಕ್ಕೆ ಮಾಡಿ ಕೊಲ್ಲುವ ಜೀವಿಗೆ ತಮ್ಮ ಹೆಸರಿರಲಿ ಎಂದು ಅಷ್ಟು ಆಸೆಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಥೀಸಿಸ್ ಟೈಪಾಯಿತು, ಬೈಂಡಾಯಿತು. ಸಲ್ಲಿಸುವುದೊಂದೇ ಬಾಕಿ.

ಆ ನಡುವೆ ನಂಗಲಿಯ ಅವ್ವ ನಾಮಕರಣಕ್ಕೆ ಹೇಳಿಕಳುಹಿಸಿದರು. ಮೊಮ್ಮಗಳಿಗೆ ಗಂಡು ಮಗುವಾಗಿದೆ, ಮೇಷ್ಟರು ಬರಲೇಬೇಕು. ದಿನಚರಿಯಲ್ಲಿ ಆ ದಿನ ‘ನಂಗಲಿ. ಬಿಸಿಲು. ಹೋಳಿಗೆ’ ಎಂದು ಮಾತ್ರ ಇದೆ. ಪಂಕ್ತಿಯಲ್ಲಿ ಕೂತಿದ್ದೆವು. ತುಪ್ಪದ ಗಿಂಡಿ ಹಿಡಿದು ಬಡಿಸುತ್ತ ಬಂದವನು ನಮ್ಮ ಮಾಸ್ತಿಯ ವಿದ್ಯಾರ್ಥಿ.

“ಏನಯ್ಯಾ, ನೀನಿಲ್ಲಿ?”

“ನಂದೇ ಮಗು ಸಾರ್,” ಎಂದ ಅವನು ನಾಚಿಕೊಂಡು. “ನಮ್ಮನೆಯವಳ ತವರು ಇದೇ.”

ಮೇಷ್ಟರು ಹೋಳಿಗೆ ಮುರಿಯುತ್ತಿದ್ದವರು ನಿಲ್ಲಿಸಿದರು. ಅವರ ಮುಖ ಹೇಗಾಯಿತು ಎಂದು ವರ್ಣಿಸಬೇಕೆನಿಸುತ್ತದೆ, ಆದರೆ ನಾನು ಆಗ ತುಪ್ಪದ ಕಡೆ ನೋಡುತ್ತಿದ್ದಿರಬಹುದು. ಕೈ ತೊಳೆದ ಮೇಲೆ ಅವರು ಅವ್ವನ ಹತ್ತಿರ ಹೋಗಿ ಕೇಳಿದರು. ಬದುಕಿನಲ್ಲಿ ಅಂಥ ಪ್ರಶ್ನೆಯನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು.

“ಅವ್ವಾ, ಅವತ್ತು ಕೊಟ್ರಲ್ಲ ಹುಳ, ಅದು ಯಾರ ಮನೇದು?”

“ಇವ್ರ ಮನೇದೇ ಸಾಮಿ, ಮಾಸ್ತೀದು.” ಅವ್ವನ ದನಿಯಲ್ಲಿ ಮುಚ್ಚುಮರೆಯಿರಲಿಲ್ಲ, ಹೆಮ್ಮೆಯಿತ್ತು. “ನಮ್ಮನೇಲಿ ರೋಗ ಎಲ್ಲಿತ್ತು? ನೀವು ಬಿಸ್ಲಲ್ಲಿ ಬಂದ್ರಿ, ಅದಕ್ಕೆ ಮಾಸ್ತಿಗೆ ಆಳು ಕಳ್ಸಿ ತರ್ಸಿದೆ. ಬೇರೆಯೋರ್ನ ಕೇಳಿದ್ರೆ ರೋಗ ಐತೆ ಅಂತ ಒಪ್ತಾರಾ? ಬೀಗ್ರು ಅಂತ ಬಾಯ್ಬಿಟ್ರು, ಕೊಟ್ರು.”

ಮಾರನೆಯ ದಿನ ವಕ್ಕಲೇರಿಗೆ ಹೋದೆವು. ಯಜಮಾನರು ನಗುತ್ತ ಒಪ್ಪಿಕೊಂಡರು. ಅವರ ಅಕ್ಕನನ್ನು ಕೊಟ್ಟಿರುವುದು ಶ್ರೀನಿವಾಸಪುರದಾಚೆಯ ಅದೇ ಮಾವಿನ ತೋಪಿನ ಮನೆಗೆ. ಅಲ್ಲಿಂದ ತರಿಸಿದ್ದರು. ನಿಜವೇನೆಂದರೆ ಆಗ ಅವರ ಮನೆಯಲ್ಲೂ ರೋಗವಿತ್ತು. ತಮ್ಮ ಮನೆಯದು ಕೊಟ್ಟರೆ ಮೇಷ್ಟರು ಪೇಪರಿಗೆ ಹಾಕಿಬಿಟ್ಟಾರು ಎಂಬ ಹೆದರಿಕೆ. ಭಾವನ ಮನೆಯದಾದರೆ ಹೇಗೂ ಊರಿಗೆಲ್ಲ ಗೊತ್ತಾಗಿದೆ.

ವಾಪಸು ಬರುವ ಬಸ್ಸಿನಲ್ಲಿ ಅವರು ಟಿಕೆಟ್ಟಿನ ಹಿಂದೆ ನಾಲ್ಕೂ ಊರಿನ ಹೆಸರು ಬರೆದು ಎರಡೆರಡರ ನಡುವೆ ಗೆರೆ ಎಳೆದರು. ಆಮೇಲೆ ಸಣ್ಣಗೆ ನಗಲು ಶುರು ಮಾಡಿದರು. ಕಂಡಕ್ಟರು ತಿರುಗಿ ನೋಡುವಷ್ಟು ನಕ್ಕರು.

“ನಾಲ್ಕು ಮನೇಲಿ ಎರಡು ಮನೆಯೋರು ಹುಳದ ಊರು ಬದಲಾಯ್ಸಿದ್ರು,” ಎಂದರು. “ನಾವು ನಂಬಿದ್ವಿ. ಗಂಜಿ ನಂಬ್ಲಿಲ್ಲ ಕಣ್ರೀ. ಮಾಸ್ತೀದು ಮಾಸ್ತೀದೇ ಅಂತು. ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ನೋಡಿ.”

ಕೋಲಾರ ಬಂತು. ಇಳಿಯುವಾಗ, ಥೀಸಿಸ್ ಹೋಯಿತು ಎಂದರು. ಎರಡು ಮಾತಿಗೂ ಒಂದೇ ದನಿಯಿತ್ತೆಂದು ನನ್ನ ನೆನಪು ಹೇಳುತ್ತದೆ. ಇದ್ದಿರಲಾರದು.

ಅವರು ಪರೋಪಜೀವಿಯ ವಂಶವೃಕ್ಷವೆಂದು ಬರೆದಿದ್ದು ಹೆಣ್ಣು ಕೊಟ್ಟು ತಂದ ಮನೆಗಳ ನಕ್ಷೆಯಾಗಿತ್ತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ವಿಷಯ ಮಾತ್ರ ಬೇರೆಯಾಗಿತ್ತು. ಮಾರ್ಗದರ್ಶಕರಿಗೆ ಹೇಳಲು ಇಬ್ಬರೂ ಬೆಂಗಳೂರಿಗೆ ಹೋದೆವು. ಅವರು ಸಮಾಧಾನದಿಂದಲೇ ಕೇಳಿದರು. ಎಲ್ಲ ಕೇಳಿ, ಇದ್ದ ಹಾಗೆಯೇ ಸಲ್ಲಿಸಿ ಎಂದರು.

“ನಂಗಲಿಗೆ ಯಾರ್ರೀ ಹೋಗಿ ನೋಡ್ತಾರೆ? ಪರೀಕ್ಷಕರು ಉತ್ತರದೋರು. ನಂಗಲಿ ಅನ್ನೋದು ಊರೋ ಕಾಯಿಲೆಯೋ ಅವ್ರಿಗೆ ಗೊತ್ತಿಲ್ಲ.”

“ಅವ್ವನಿಗೆ ಗೊತ್ತಿದೆಯಲ್ಲ ಸಾರ್.”

“ಯಾರು ಅವ್ವ? ಯಾವ ಯೂನಿವರ್ಸಿಟಿ?”

ಮೇಷ್ಟರು ಬೈಂಡ್ ಮಾಡಿದ ಪ್ರತಿಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದರು.

ಅವರು ಸಲ್ಲಿಸಲಿಲ್ಲ. ಗಡುವು ಮುಗಿಯಿತು. ವಿಭಾಗಕ್ಕೆ ಬೇರೆಯವರು ಮುಖ್ಯಸ್ಥರಾದರು. ಕೋಣೆಗೆ ಬೂಟು ಬಂದೂಕು ಬಂದವು. ಇದ್ಯಾವುದಕ್ಕೂ ಅವರು ಗೊಣಗಲಿಲ್ಲ. ಅವರಿಗೆ ನಾಟಿದ್ದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಆಡಿದ ಒಂದು ಮಾತು.

“ನೋಡಿದ್ರಾ ಮೇಷ್ಟ್ರೇ? ಅದಕ್ಕೇ ನಾವು ಮೊದ್ಲು ಯಾವ ಕಡೆಯೋರು ಅಂತ ಕೇಳೋದು. ಅದೂ ವಿಜ್ಞಾನವೇ.”

ಎಲ್ಲರೂ ನಕ್ಕರು. ಮೇಷ್ಟರು ಫ್ಲಾಸ್ಕನ್ನು ಎತ್ತಿಕೊಂಡು ಹೊರಗೆ ಹೋದರು. ಮನೆಗೆ ಹೋಗುವಾಗ ನನ್ನೊಡನೆ, ಪದವಿ ಹೋದದ್ದು ಹೋಗಲಿ, ಇವರ ಕೈಗೊಂದು ಆಧಾರ ಕೊಟ್ಟುಬಿಟ್ಟೆನಲ್ಲ ಎಂದರು. ನಾನೇನೋ ಸಮಾಧಾನ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ, ನೆನಪಿಡುವಂಥದ್ದೇನೂ ಆಗಿರಲಾರದು.

ಡಾಕ್ಟರೇಟ್ ಅವರಿಗೆ ಕೊನೆಗೂ ಬರಲಿಲ್ಲ. ಕತೆಯ ತುದಿಯಲ್ಲಿ ಬಂದೀತೆಂದು ಯಾರೂ ಕಾಯಬಾರದೆಂದು ಈಗಲೇ ಹೇಳುತ್ತಿದ್ದೇನೆ. ಆದರೆ ರೇಡಿಯೋದವನ ಪೆಟ್ಟಿಗೆಯನ್ನು ಮನೆಗೆ ಹೊತ್ತುಕೊಂಡು ಹೋಗಿ ಬಚ್ಚಲಿನ ಪಕ್ಕದ ಜಾಗದಲ್ಲಿಟ್ಟು, ಮೊದಲಿನಿಂದ ಶುರು ಮಾಡಿದರು. ಪದವಿಗೆ ಅಲ್ಲ, ಕೇಳುವವರು ಯಾರೂ ಇರಲಿಲ್ಲ. ನಾಲ್ಕು ಊರಿನ ಕಾಳುಗಳು ನಿಜಕ್ಕೂ ಏನಾಗಬೇಕು ಎಂಬುದು ಇನ್ನೂ ಗೊತ್ತಾಗಿರಲಿಲ್ಲ, ಅದಕ್ಕೆ. ಈ ಸಲ ಪ್ರತಿ ಮನೆಯಲ್ಲೂ ಮೊದಲು ಹೆಣ್ಣು ಎಲ್ಲಿಗೆ ಕೊಟ್ಟಿದ್ದೀರಿ, ಎಲ್ಲಿಂದ ತಂದಿದ್ದೀರಿ ಎಂದು ಕೇಳಬೇಕಾಗಿತ್ತು. ಕೇಳುವಾಗ ಅವರ ಕಿವಿ ಕೆಂಪಾಗುತ್ತಿತ್ತು. ಎದುರಿನವರು ಮಾತ್ರ ಮೇಷ್ಟರಿಗೆ ಇಷ್ಟು ದಿನಕ್ಕೆ ಮರ್ಯಾದೆ ಬಂತೆಂದು ತಿಳಿದು, ಸಂತೋಷದಿಂದ ಮೂರು ತಲೆಮಾರು ಹೇಳುತ್ತಿದ್ದರು. ನಿಮ್ಮದು ಯಾವ ಕಡೆ ಎಂದು ತಿರುಗಿಯೂ ಕೇಳುತ್ತಿದ್ದರು.

ನಂಗಲಿಗೂ ಹೋದೆವು. ಆ ಹೊತ್ತಿಗೆ ಅವ್ವನಿಗೆ ಮೊಮ್ಮಗಳ ಗಂಡನ ಮೂಲಕ ಸುದ್ದಿ ಮುಟ್ಟಿತ್ತು: ತಾವು ಕೊಟ್ಟ ಹುಳುವಿನಿಂದ ಮೇಷ್ಟರ ದೊಡ್ಡ ಪರೀಕ್ಷೆ ಹೋಯಿತೆಂದು. ಬಾಗಿಲಲ್ಲೇ ನಿಂತಿದ್ದರು. ಬನ್ನಿ ಎಂದರು, ಆದರೆ ಮೊದಲಿನ ಗೆಲುವಿರಲಿಲ್ಲ. ಮೇಷ್ಟರು ಒಳಗೆ ಹೋಗಿ ತಟ್ಟೆ ತಟ್ಟೆಯನ್ನೂ ನೋಡಿ ಬಂದರು. ಹುಳು ಹಾಲಿನ ಹಾಗೇ ಇದ್ದವು.

“ರೋಗ ಇಲ್ಲ ಸಾಮಿ,” ಎಂದರು ಅವ್ವ. ಆ ಮಾತು ಹೇಳಿ ಅವರಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸೆರಗಿಗೆ ಒರೆಸಿಕೊಂಡರು. “ಏನೂ ಇಲ್ಲ. ಹಂಗೇ ಹೋಗಿ.”

ಮೇಷ್ಟರು ಒಂದು ಖಾಲಿ ನಳಿಕೆ ತೆಗೆದರು. ಊರು, ತಾರೀಕು ಬರೆದು, ಕೆಳಗೆ ‘ಇಲ್ಲ’ ಎಂದು ಬರೆದು ಚೀಟಿ ಅಂಟಿಸಿದರು. ತುಂಬಿದ ನಳಿಕೆಗೆ ಹಾಕುವ ಹಾಗೆಯೇ ಬಿರಡೆ ಒತ್ತಿ ಮುಚ್ಚಿದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಮೊದಲ ನಿಜವಾದ ಸ್ಯಾಂಪಲ್ ಇದು ಎಂದು ಅವ್ವನಿಗೆ ಹೇಳಿದರು. ಅವ್ವನಿಗೆ ಅರ್ಥವಾದಂತೆ ಕಾಣಲಿಲ್ಲ. ಬರಿಗೈಯಲ್ಲಿ ಕಳಿಸಿ ಹೊಗಳಿಸಿಕೊಳ್ಳುವುದು ಆ ಮನೆಯಲ್ಲಿ ಹಿಂದೆಂದೂ ನಡೆದಿರಲಾರದು.

ಹೆದ್ದಾರಿಗೆ ಬಂದು ನಿಂತೆವು. ಬಸ್ಸು ಬಂದು ನಿಂತ ಹೊತ್ತಿಗೆ ಹಿಂದಿನಿಂದ ಯಾರೋ ಕೂಗಿದರು. ಅವ್ವ ಆ ವಯಸ್ಸಿನಲ್ಲಿ ಬೇಗ ಬೇಗ ಹೆಜ್ಜೆ ಹಾಕಿ ಬರುತ್ತಿದ್ದರು. ಸೊಂಟದ ಮೇಲೆ, ಮಗುವನ್ನು ಎತ್ತಿಕೊಂಡ ಹಾಗೆ, ಒಂದು ದೊಡ್ಡ ಸಿಹಿಕುಂಬಳ. ಏದುಸಿರು ಬಿಡುತ್ತ ಅದನ್ನು ಮೇಷ್ಟರ ತೋಳಿಗೆ ಹಾಕಿದರು. ಹುಳ ಇಲ್ಲ ಅಂದರೆ ಮನೆಯಲ್ಲಿ ಏನೂ ಇಲ್ಲ ಅಂತಲ್ಲ ಎಂದರು.

ಮೇಷ್ಟರು ಕುಂಬಳವನ್ನು ಅತ್ತಿತ್ತ ತಿರುಗಿಸಿ ನೋಡಿದರು. ಕಿವಿ ಕೆಂಪಾಯಿತು.

“ಇದು ನಿಮ್ಮ ಹೊಲದ್ದೇನಾ ಅವ್ವಾ, ಇಲ್ಲಾ ಬೀಗರ ಮನೇದಾ?”

ಅವ್ವ ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಬಸ್ಸಿನ ಕಡೆ ನೋಡಿದರು.

“ಹತ್ತಿ ಸಾಮಿ,” ಎಂದರು. “ಬಸ್ಸು ಹೊರಡ್ತದೆ.”